ಕಳ್ಳಭಟ್ಟಿ ವಿಷಕ್ಕೆ ಮದ್ದೂ ಮದ್ಯವೇ!

1981ರ ಜುಲೈ. ಬೆಂಗಳೂರಲ್ಲಿ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು, ಬಹುಪಾಲು ಬಡವರೇ. ಅದರಲ್ಲಿದ್ದದ್ದು ಮಿಥೆನಾಲ್. ಥಿನ್ನರ್, ವಾರ್ನಿಶ್‌ಗೆ ಬಳಸೋ ಸ್ಪಿರಿಟ್. ಇದನ್ನ ಮೊದಲು ಓದಿದಾಗ ನನಗೆ ಬಂದ ಪ್ರಶ್ನೆ ಒಂದೇ: ಆಗ ಇದಕ್ಕೆ ಮದ್ದೇ ಇರಲಿಲ್ವಾ?

ಇತ್ತು. ಅದರ ಸುಳಿವು ಸಿಕ್ಕಿದ್ದು ದೂರದ ನಾರ್ವೆಯಲ್ಲಿ, 1940ರ ದಶಕದಲ್ಲೇ. ಮಿಥೆನಾಲ್ ಕುಡಿದ ರೋಗಿಗಳನ್ನ ಓಲುಫ್ ರೋ ಅನ್ನೋ ವೈದ್ಯರು ಗಮನಿಸ್ತಾ ಇದ್ರು. ಅದರ ಜೊತೆಗೆ ಮಾಮೂಲಿ ಮದ್ಯ, ಅಂದ್ರೆ ಎಥೆನಾಲ್, ಕುಡಿದವರಿಗೆ ತೊಂದರೆ ಕಡಿಮೆ ಇತ್ತು. 1946ರಲ್ಲಿ ಅವರ ಅಧ್ಯಯನ ಪ್ರಕಟವಾಯ್ತು.

ಯಾಕೆ ಹೀಗೆ? ಮಿಥೆನಾಲ್ ತಾನಾಗಿ ಅಷ್ಟು ಅಪಾಯ ಅಲ್ಲ. ಲಿವರ್‌ನಲ್ಲಿರೋ ಒಂದು ಕಿಣ್ವ ಅದನ್ನ ಫಾರ್ಮಾಲ್ಡಿಹೈಡ್ ಮಾಡುತ್ತೆ, ಅದು ಮುಂದೆ ಫಾರ್ಮಿಕ್ ಆಮ್ಲ ಆಗುತ್ತೆ. ಕಣ್ಣು, ಪ್ರಾಣ ಎರಡನ್ನೂ ತೆಗೆಯೋದು ಈ ಆಮ್ಲವೇ. ರೇಷನ್ ಅಂಗಡಿಯಲ್ಲಿ ಒಂದೇ ಕೌಂಟರ್ ಇದೆ ಅಂದ್ಕೊಳ್ಳಿ. ಆ ಕಿಣ್ವ ಎಥೆನಾಲ್‌ನ ಮೊದಲು ಕರೆಯುತ್ತೆ, ಮಿಥೆನಾಲ್ ಕ್ಯೂನಲ್ಲೇ ನಿಲ್ಲುತ್ತೆ. ಅಷ್ಟರಲ್ಲಿ ಡಯಾಲಿಸಿಸ್ ಮಾಡಿ ಅದನ್ನ ಹೊರಗೆ ಹಾಕಬಹುದು.

ಅದೇ ಕೌಂಟರ್ ಮುಚ್ಚೋ ಇನ್ನೊಂದು ಔಷಧ ಫೊಮೆಪಿಜೋಲ್. ಇದು ಅಮಲು ಏರಿಸಲ್ಲ, ಡೋಸ್ ಕೊಡೋದೂ ಸುಲಭ. ಮಿಥೆನಾಲ್ ವಿಷಕ್ಕೆ ಅಮೆರಿಕ ಇದನ್ನ ಒಪ್ಪಿದ್ದು 2000ದಲ್ಲಿ. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಗೂ ಸೇರಿತು. ಆದ್ರೆ ಬೆಲೆ ದುಬಾರಿ. ನಾನು ಓದಿದ್ದು ಬಿಕಾಂ, ಹಾಗಾಗಿ ಲೆಕ್ಕ ಬೇಗ ಅರ್ಥ ಆಗುತ್ತೆ: ಅಪರೂಪಕ್ಕೆ ಬೇಕಾಗೋ ಔಷಧ, ಬೇಕಾಗೋದು ಬಡವರಿಗೆ. ಲಾಭ ನೋಡೋ ಮಾರುಕಟ್ಟೆ ಇದನ್ನ ಸ್ಟಾಕ್ ಇಡಲ್ಲ. ಇಡಬೇಕಾದ್ದು ಸರ್ಕಾರ.

ಮದ್ದಿದ್ದರೂ ಇನ್ನೊಂದು ತೊಡಕಿದೆ, ಸಮಯ. ಕುಡಿದ ತಕ್ಷಣ ಮಾಮೂಲಿ ಅಮಲಿನ ಹಾಗೇ ಇರುತ್ತೆ. ಹೊಟ್ಟೆನೋವು, ವಾಂತಿ, ಕಣ್ಣು ಮಂಜಾಗೋದು ಸಾಮಾನ್ಯವಾಗಿ ಅರ್ಧ ದಿನ, ಒಂದು ದಿನ ಕಳೆದ ಮೇಲೆ. ಆಗ ಪೊಲೀಸರ ಭಯಕ್ಕೋ ಮರ್ಯಾದೆಗೋ ಮನೆಯಲ್ಲೇ ಮಲಗಿದ್ರೆ ಆಮ್ಲ ತನ್ನ ಕೆಲಸ ಮುಗಿಸಿರುತ್ತೆ.

ಹಾಗಂತ ಇದನ್ನ ಕೇಳಿ ಯಾರಿಗೂ ಮನೇಲಿ ಬಾಟಲಿ ಕುಡಿಸೋಕೆ ಹೋಗಬೇಡಿ. ರಕ್ತದಲ್ಲಿ ಅದರ ಪ್ರಮಾಣ ಅಳೆದು ಕೊಡೋದು ಆಸ್ಪತ್ರೆಯ ಕೆಲಸ. ನಿಮ್ಮ ಕೆಲಸ ಇಷ್ಟೇ: 108ಕ್ಕೆ ಕರೆ ಮಾಡಿ, ಏನು ಕುಡಿದಿದ್ದು ಅಂತ ಮುಚ್ಚಿಡದೆ ಹೇಳಿ. ಜೊತೆಗೆ ಕುಡಿದವರು ಚೆನ್ನಾಗೇ ಕಂಡರೂ ಅವರನ್ನೂ ಕರ್ಕೊಂಡು ಹೋಗಿ.