ಬಿಳಿಯ ಆಕಾಶದ ಚರಿತ್ರೆ

ನಮ್ಮ ಮನೆಯ ಆಲ್ಬಮ್ಮಿನಲ್ಲಿ ಬೇಕಲ ಕೋಟೆಯ ಕಪ್ಪುಬಿಳುಪು ಚಿತ್ರವೊಂದಿದೆ. ತೆಗೆದವರು ತಂದೆಯವರು. ಬುರುಜಿದೆ, ಅದರಾಚೆ ಕಡಲಿದೆ; ಆಕಾಶ ಮಾತ್ರ ಸುಣ್ಣ ಬಳಿದ ಗೋಡೆಯಂತಿದೆ. "ಅಂದು ಮೋಡ ಕವಿದಿತ್ತೇ?" ಎಂದು ಮಗಳು ಕೇಳಿದಾಗ ತಾಯಿ ನಕ್ಕರು. ಮೇ ತಿಂಗಳ ಬೆಳಗು, ಕಣ್ಣು ಬಿಡಲಾಗದ ಬಿಸಿಲಂತೆ.

ಈ ಬಿಳಿಗೆ ಹಳೆಯ ಕಾರಣವಿದೆ. 1851ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ ಕೊಲೋಡಿಯನ್ ವಿಧಾನದ ಗಾಜಿನ ಫಲಕ ನೀಲಿ ಬೆಳಕಿಗೆ ಬೇಗ ಒಲಿಯುತ್ತಿತ್ತು. ಹಸಿರು, ಕೆಂಪುಗಳಿಗೆ ಹೆಚ್ಚುಕಡಿಮೆ ಕುರುಡು. ಮರಗಿಡಗಳು ಮೂಡುವಷ್ಟು ಹೊತ್ತು ಬೆಳಕು ಬಿಟ್ಟರೆ ಆಕಾಶ ಬೆಳ್ಳಗಾಗಿ ಮೋಡಗಳೆಲ್ಲ ಅಳಿಸಿಹೋಗುತ್ತಿದ್ದವು.

ಫ್ರಾನ್ಸಿನ ಗುಸ್ತಾವ್ ಲ ಗ್ರೇ 1856-57ರ ಸುಮಾರಿಗೆ ತನ್ನ ಕೆಲವು ಕಡಲಿನ ಚಿತ್ರಗಳಲ್ಲಿ ಒಂದು ಉಪಾಯ ಹೂಡಿದ. ನೀರಿಗೊಂದು, ಆಕಾಶಕ್ಕೊಂದು ನೆಗೆಟಿವ್. ಎರಡನ್ನೂ ದಿಗಂತದಲ್ಲಿ ಕೂಡಿಸಿ ಒಂದೇ ಕಾಗದದ ಮೇಲೆ ಅಚ್ಚು ಹಾಕಿದ. ಒಂದೇ ಮೋಡ ಎರಡು ಕಡಲುಗಳ ಮೇಲೆ ಕಾಣಿಸಿಕೊಂಡದ್ದೂ ಉಂಟು. ಒಂದೇ ವೋಚರನ್ನು ಎರಡು ಖಾತೆಗೆ ಹಾಕಿದ ಹಾಗೆ! ನಮ್ಮ ಬ್ಯಾಂಕಿನಲ್ಲಾದರೆ ಸಂಜೆಯೊಳಗೆ ಸಿಕ್ಕಿಬೀಳುತ್ತಿದ್ದ.

ಕನ್ನಡ ನಾಡಿಗೂ ಇಂಥವನೊಬ್ಬ ಬಂದಿದ್ದ. ಮದರಾಸು ಸೈನ್ಯದ ಅಧಿಕಾರಿ ಲಿನ್ನೇಯಸ್ ಟ್ರೈಪ್ 1854ರ ಡಿಸೆಂಬರಿನಲ್ಲಿ ಬೇಲೂರು, ಹಳೆಬೀಡುಗಳ ಚಿತ್ರ ತೆಗೆದ. ಮರುವರ್ಷ ಬರ್ಮಾಕ್ಕೆ ಹೋದಾಗ ತನ್ನ ಕಾಗದದ ನೆಗೆಟಿವ್‌ಗಳ ಮೇಲೆ ಕುಂಚ ಹಿಡಿದು ಮೋಡಗಳನ್ನು ಬರೆದ. ಆ ಚಿತ್ರಗಳ ದೇಗುಲಗಳನ್ನು ಸಾಕ್ಷಿಯೆಂದು ಒಪ್ಪಬಹುದು, ಮೋಡಗಳನ್ನಲ್ಲ.

1873ರಲ್ಲಿ ಜರ್ಮನಿಯ ಹರ್ಮನ್ ಫೋಗೆಲ್, ಫಲಕಕ್ಕೆ ಬಣ್ಣದ ರಾಸಾಯನಿಕ ಬೆರೆಸಿದರೆ ಅದು ಹಸಿರನ್ನೂ ಕಾಣಬಲ್ಲದೆಂದು ತೋರಿಸಿದ. 1906ರಲ್ಲಿ ಇಂಗ್ಲೆಂಡಿನಲ್ಲಿ ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಫಲಕ ಮಾರಾಟಕ್ಕೆ ಬಂತು. ಆದರೂ ಕಪ್ಪುಬಿಳುಪು ಫಿಲ್ಮಿಗೆ ನೀಲಿಯ ಮೇಲಿನ ಒಲವು ಪೂರ್ತಿ ಬಿಡಲಿಲ್ಲ. ಅದಕ್ಕೇ ಲೆನ್ಸಿನ ಮುಂದೆ ಹಳದಿ ಗಾಜು ಇಡುವ ರೂಢಿ.

ತಂದೆಯವರ ಬಳಿ ಆ ಹಳದಿ ಗಾಜಿರಲಿಲ್ಲ. ಅವರಿಗೆ ಗೊತ್ತಿದ್ದುದು ಒಂದೇ ನಿಯಮ: ಸೂರ್ಯನಿಗೆ ಬೆನ್ನು ಹಾಕಿ ನಿಲ್ಲುವುದು. ಹಾಗೆ ನಿಂತರೆ ಎದುರಿನದೆಲ್ಲ ಸ್ಪಷ್ಟವಾಗುತ್ತದೆ, ನಿಜ. ಆದರೆ ನೆರಳುಗಳು ವಸ್ತುಗಳ ಹಿಂದೆ ಅಡಗಿ ಎಲ್ಲವೂ ಚಪ್ಪಟೆಯಾಗುತ್ತದೆ. ಕೆಳದಿಯ ಅರಸರು 17ನೆಯ ಶತಮಾನದಲ್ಲಿ ಕಟ್ಟಿಸಿದ ಆ ಮುರಕಲ್ಲಿನ ಗೋಡೆಯ ತೂತು ತೂತು ಮೈ ಕಾಣಬೇಕಾದರೆ ಬಿಸಿಲು ಓರೆಯಾಗಿ ಬೀಳಬೇಕು. ನಮ್ಮ ಚಿತ್ರದಲ್ಲಿ ಅದು ಮಣ್ಣು ಮೆತ್ತಿದ ಗೋಡೆಯಂತಿದೆ.

ಮೊನ್ನೆ ಚಿತ್ರದ ಕೆಳಗೆ ಬರೆದಿಟ್ಟೆ: "ಬೇಕಲ, ಮೇ, ಬೆಳಿಗ್ಗೆ. ಆಕಾಶ ನೀಲಿಯಿತ್ತು, ಅಮ್ಮ ಹೇಳಿದ್ದು." ಮಗಳು ಅದರ ಕೆಳಗೆ ಅದನ್ನೇ ಮಲಯಾಳದಲ್ಲಿ ಬರೆದಳು.