ಅಮೃತಾಪುರ, ಅಮೃತಮಹಲ್

1901ರಲ್ಲಿ ಬಿ.ಎಲ್. ರೈಸ್ ಎಪಿಗ್ರಾಫಿಯಾ ಕರ್ನಾಟಿಕದ ಆರನೆಯ ಸಂಪುಟ ಹೊರತಂದಾಗ ಇಂದಿನ ಚಿಕ್ಕಮಗಳೂರು ಜಿಲ್ಲೆಯ ಹೆಸರು ಕಡೂರು. ಈ ಸೀಮೆ ಸುತ್ತುವಾಗ ನನಗೆ ಆ ಸಂಪುಟವೇ ಕೈಪಿಡಿ.

ತರೀಕೆರೆ ಬಳಿಯ ಅಮೃತಾಪುರಕ್ಕೆ ಬಂದವರು ಅಮೃತೇಶ್ವರ ದೇವಾಲಯದ ಶಿಖರ ನೋಡಿ, ಫೋಟೊ ತೆಗೆದುಕೊಂಡು ಹೊರಡುತ್ತಾರೆ. ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮಿತಯ್ಯ 1196ರಲ್ಲಿ ಕಟ್ಟಿಸಿದ ಗುಡಿಯಿದು. ಮಂಟಪದ ದಕ್ಷಿಣದ ಗೋಡೆಯಲ್ಲಿ ರಾಮಾಯಣದ 70 ಫಲಕಗಳಿವೆ. ಕಥೆ ಸಾಗುವುದು ಅಪ್ರದಕ್ಷಿಣವಾಗಿ. ಅಲ್ಲೇ ನಿಂತಿರುವ ಶಾಸನದ ಪದ್ಯಗಳು ಜನ್ನನವು. 'ಯಶೋಧರ ಚರಿತೆ' ಬರೆಯುವ ಮೊದಲೇ ಆತ ಇಲ್ಲಿನ ಕಲ್ಲಿಗೆ ಪದ್ಯ ಕೊಟ್ಟಿದ್ದ. ಹಳಗನ್ನಡದ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ತರಗತಿ ಸಿಗದು.

ಅಜ್ಜಂಪುರದಲ್ಲಿರುವುದು ಇನ್ನೊಂದು ಅಮೃತ. ಮೈಸೂರು ಒಡೆಯರ 'ಬೆಣ್ಣೆ ಚಾವಡಿ'ಗೆ ಟಿಪ್ಪು 'ಅಮೃತಮಹಲ್' ಎಂದು ಹೆಸರಿಟ್ಟ. ಸೇನೆಯ ಫಿರಂಗಿ, ಸಾಮಾನು ಎಳೆದ ಆ ತಳಿಯ ದನಗಳನ್ನು ಅಜ್ಜಂಪುರದ ಸಂವರ್ಧನಾ ಕೇಂದ್ರ ಇಂದಿಗೂ ಸಾಕುತ್ತಿದೆ. ಅವು ಮೇಯುತ್ತಿದ್ದ ಕಾವಲುಗಳು ಮಾತ್ರ ಹೊಲ, ನೆಡುತೋಪು, ಕಟ್ಟಡಗಳ ಪಾಲಾಗಿ ಕರಗಿವೆ. ಕಡೂರು ತಾಲ್ಲೂಕಿನ ಬಾಸೂರು ಕಾವಲು 2011ರಲ್ಲಿ ಸಂರಕ್ಷಣಾ ಮೀಸಲಾಯಿತು. ಕೃಷ್ಣಮೃಗಗಳು ಅಲ್ಲಿ ಉಳಿದಿವೆ.

ಗುಡಿಯನ್ನು ಸ್ಮಾರಕವೆಂದು ಕಾಯುತ್ತೇವೆ, ಹುಲ್ಲುಗಾವಲನ್ನು ಖಾಲಿ ಜಾಗ ಎನ್ನುತ್ತೇವೆ. ಅಮೃತಾಪುರ ನೋಡಲು ಬಂದವರು ಒಂದು ಹೊತ್ತು ಕಾವಲಿನ ಕಡೆಗೂ ಬರಲಿ. ಅದೂ ಈ ನಾಡಿನ ಇತಿಹಾಸವೇ.