ದೋಣಿಯ ಬ್ಯಾಟರಿ ಚಾರ್ಜರ್ ಮತ್ತು ರೇಡಿಯೊ ಗದ್ದಲ

ದೋಣಿಯಲ್ಲಿ ಬ್ಯಾಟರಿಗೆ ಚಾರ್ಜ್ ತುಂಬುವ ಸಾಧನ ಹೊರಸೂಸುವ ವಿದ್ಯುತ್ಕಾಂತೀಯ ಗದ್ದಲ ಅದೇ ದೋಣಿಯ ರೇಡಿಯೊವನ್ನು ಕಿವುಡಾಗಿಸುವುದುಂಟು. ಕಾರಿನ ಉಕ್ಕಿನ ಮೈ ಇಂಥ ಗದ್ದಲವನ್ನು ಒಂದಿಷ್ಟು ಒಳಗೇ ತಡೆಯುತ್ತದೆ. ಫೈಬರ್‌ಗ್ಲಾಸ್ ಅಥವಾ ಮರದ ದೋಣಿಗೆ ಆ ಮರೆಯಿಲ್ಲ. ಚಾರ್ಜರ್, ತಂತಿ, ಆಂಟೆನಾ ಎಲ್ಲವೂ ಕೆಲವೇ ಮೀಟರ್ ಅಂತರದಲ್ಲಿರುತ್ತವೆ. ಎಷ್ಟೋ ಹಾಯಿದೋಣಿಗಳಲ್ಲಿ ಕೂವೆಮರವನ್ನು ಹಿಂದಕ್ಕೆ ಎಳೆದು ಬಿಗಿದ ಉಕ್ಕಿನ ಹಗ್ಗವೇ ಶಾರ್ಟ್‌ವೇವ್ ಆಂಟೆನಾ. ಗದ್ದಲದಡಿ ಹೂತುಹೋಗುವುದು ಹವಾಮಾನದ ಎಚ್ಚರಿಕೆ, ಮುಳುಗುತ್ತಿರುವವರ ಕರೆ.

ಮೊದಲ ತಲೆಮಾರಿನ ಅಪರಾಧಿ ಡೈನಮೋ. ಎಂಜಿನ್ ತಿರುಗಿಸುತ್ತಿದ್ದ ಈ ಯಂತ್ರದಲ್ಲಿ ಇಂಗಾಲದ ಬ್ರಷ್‌ಗಳು ತಾಮ್ರದ ಪಟ್ಟಿಗಳ ಮೇಲೆ ಉಜ್ಜುವಾಗ ಕಿಡಿ ಹಾರುತ್ತಿತ್ತು, ರೇಡಿಯೊದಲ್ಲಿ ಚಟಪಟ ಸದ್ದು ಏಳುತ್ತಿತ್ತು. ಕಿಡಿಯ ಪಕ್ಕದಲ್ಲೇ ಒಂದು ಕೆಪಾಸಿಟರ್ ಕೂರಿಸಿ ಅದನ್ನು ಅಡಗಿಸುತ್ತಿದ್ದರು. ಗದ್ದಲವನ್ನು ಹುಟ್ಟಿದಲ್ಲೇ ಹಿಡಿಯಬೇಕೆಂಬ ಆ ಪಾಠ ಮುಂದಿನ ಎಲ್ಲ ತಂತ್ರಗಳಿಗೂ ಬುನಾದಿಯಾಯಿತು. 1934ರಲ್ಲಿ ಪ್ಯಾರಿಸಿನಲ್ಲಿ ರೂಪುಗೊಂಡ ಸಿಸ್ಪರ್ ಎಂಬ ಅಂತರರಾಷ್ಟ್ರೀಯ ಸಮಿತಿ ರೇಡಿಯೊ ಅಡಚಣೆಯನ್ನು ಅಳೆಯುವ ಕ್ರಮಗಳನ್ನು ಹಾಕಿಕೊಟ್ಟಿತು. 1960ರ ದಶಕದಲ್ಲಿ ಸಿಲಿಕಾನ್ ಡಯೋಡ್‌ಗಳ ಆಲ್ಟರ್ನೇಟರ್ ಬಂದು ಚಟಪಟ ಕಡಿಮೆಯಾಯಿತಾದರೂ ಅದರ ಜಾಗಕ್ಕೆ ಸಿಳ್ಳೆ ಬಂತು. ಎಂಜಿನ್ ವೇಗ ಏರಿಸಿದಂತೆ ಸಿಳ್ಳೆಯ ಸ್ವರವೂ ಏರಿದರೆ ತಪ್ಪು ಆಲ್ಟರ್ನೇಟರಿನದೇ ಎಂದು ಗುರುತಿಸಬಹುದು.

ಧಕ್ಕೆಗೆ ಕಟ್ಟಿದ ದೋಣಿಯ ಕಥೆ ಬೇರೆ. ಅಲ್ಲಿ ದಡದ ವಿದ್ಯುತ್ತಿನಿಂದ ಚಾರ್ಜ್ ಮಾಡಲು ದಶಕಗಳ ಕಾಲ ಭಾರೀ ಟ್ರಾನ್ಸ್‌ಫಾರ್ಮರುಗಳೇ ಇದ್ದವು. 1938ರಲ್ಲಿ ಜೋಸೆಫ್ ಸೋಲಾ ರೂಪಿಸಿದ ಫೆರೊರೆಸೊನೆಂಟ್ ಟ್ರಾನ್ಸ್‌ಫಾರ್ಮರಿನ ತತ್ತ್ವವೂ ಇಂಥ ಚಾರ್ಜರುಗಳಲ್ಲಿ ಬಳಕೆಯಾಯಿತು. ಅವು ಹೊರಲಾರದಷ್ಟು ತೂಕ, ಗುಂಯ್‌ಗುಡುವ ಸ್ವಭಾವದವು. ಆದರೆ ಗುಂಯ್ ಸದ್ದು 50 ಅಥವಾ 60 ಹರ್ಟ್ಸ್ ಮತ್ತು ಅದರ ಕೆಳಮಟ್ಟದ ಮಡಿಗಳಲ್ಲೇ ಬಹುಪಾಲು ಮುಗಿದುಹೋಗುತ್ತಿದ್ದುದರಿಂದ ರೇಡಿಯೊ ಅಲೆಗಳಿಗೆ ಅಷ್ಟಾಗಿ ತೊಂದರೆಯಿರಲಿಲ್ಲ.

ಸ್ವಿಚ್‌ಮೋಡ್ ಚಾರ್ಜರ್ ಈ ನೆಮ್ಮದಿ ಕೆಡಿಸಿತು. ಅದು ವಿದ್ಯುತ್ತನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ, ಅಂಗೈಯಗಲದ ಟ್ರಾನ್ಸ್‌ಫಾರ್ಮರಿನ ಮೂಲಕ ಹಾಯಿಸುತ್ತದೆ. ತೂಕ ಇಳಿಯಿತು, ದಕ್ಷತೆ ಏರಿತು. ಆದರೆ ಕತ್ತರಿಸುವ ಅಂಚು ಚೂಪಾದಷ್ಟೂ ಮೂಲ ಆವರ್ತನದ ಮಡಿಗಳು ಮೇಲಮೇಲಕ್ಕೆ ಹಬ್ಬುತ್ತವೆ. ಚಾರ್ಜರ್ 74 ಕಿಲೋಹರ್ಟ್ಸ್‌ನಲ್ಲಿ ನಡೆಯುತ್ತಿದೆ ಎಂದುಕೊಳ್ಳಿ: ಅದರ ಏಳನೇ ಮಡಿ 518 ಕಿಲೋಹರ್ಟ್ಸ್, ಅಂದರೆ ನಾವಿಕರಿಗೆ ಎಚ್ಚರಿಕೆ ಮುಟ್ಟಿಸುವ ನಾವ್‌ಟೆಕ್ಸ್ ಸೇವೆಯ ಆವರ್ತನದ ಮೇಲೇ ಬಂದು ಕೂರುತ್ತದೆ.

ಈ ಗದ್ದಲ ಹೆಚ್ಚಾಗಿ ಹೊರಬೀಳುವುದು ಪೆಟ್ಟಿಗೆಯಿಂದಲ್ಲ, ತಂತಿಗಳಿಂದ. ಧನ, ಋಣ ತಂತಿಗಳೆರಡರಲ್ಲೂ ಒಂದೇ ದಿಕ್ಕಿಗೆ ಓಡುವ ಗದ್ದಲದ ಪ್ರವಾಹ ಅವನ್ನೇ ಆಂಟೆನಾ ಮಾಡಿಕೊಳ್ಳುತ್ತದೆ. ಮದ್ದು ಸಿಕ್ಕಿದ್ದು ಫೆರೈಟ್‌ನಲ್ಲಿ. ಟೋಕಿಯೊದಲ್ಲಿ ಯೊಗೊರೊ ಕಾಟೊ ಮತ್ತು ತಕೇಶಿ ತಕೇಯಿ 1930ರಲ್ಲಿ ಕಂಡುಕೊಂಡ ಈ ಕಪ್ಪು ಕಾಂತೀಯ ಪಿಂಗಾಣಿಯನ್ನು ತಯಾರಿಸಲೆಂದೇ 1935ರಲ್ಲಿ ಟಿಡಿಕೆ ಕಂಪನಿ ಹುಟ್ಟಿತು. ಬಳೆಯಂಥ ಫೆರೈಟ್ ಉಂಗುರದೊಳಗೆ ಎರಡೂ ತಂತಿಗಳನ್ನು ಜೊತೆಯಾಗಿಯೇ ತೂರಿಸಬೇಕು. ಆಗ ಹೋಗುವ, ಬರುವ ಚಾರ್ಜ್ ಪ್ರವಾಹಗಳ ಕಾಂತಕ್ಷೇತ್ರಗಳು ಪರಸ್ಪರ ರದ್ದಾಗುತ್ತವೆ, ತಡೆ ಎದುರಾಗುವುದು ಗದ್ದಲಕ್ಕೆ ಮಾತ್ರ. ಒಂದೇ ತಂತಿ ತೂರಿಸಿದರೆ ಹತ್ತಾರು ಆಂಪಿಯರ್ ಪ್ರವಾಹಕ್ಕೆ ಉಂಗುರ ತುಂಬಿಹೋಗಿ ನಿಷ್ಪ್ರಯೋಜಕವಾಗುತ್ತದೆ. ಐದು ಸುತ್ತು ಸುತ್ತಿದರೆ ಇಂಡಕ್ಟನ್ಸ್ ಇಪ್ಪತ್ತೈದು ಪಟ್ಟಾಗುತ್ತದೆ. ಬ್ಯಾಟರಿಯ ದಪ್ಪ ಕೇಬಲ್ ಅಷ್ಟು ಬಾಗದು. ಅಲ್ಲಿ ಹಲವು ಉಂಗುರಗಳನ್ನು ಸಾಲಾಗಿ ಪೋಣಿಸುತ್ತಾರೆ, ಚಾರ್ಜರಿಗೆ ಎಷ್ಟು ಹತ್ತಿರವೋ ಅಷ್ಟು ಒಳ್ಳೆಯದು.

ಗದ್ದಲವನ್ನು ಭೂತಂತಿಗೆ ಇಳಿಸುವ ಕೆಪಾಸಿಟರುಗಳೂ ಉಂಟು. ಅವುಗಳಿಗೆ ಮಿತಿಯೂ ಉಂಟು: ಅವು ಸ್ವಲ್ಪ ವಿದ್ಯುತ್ತನ್ನೂ ಭೂತಂತಿಗೆ ಸೋರಿಸುತ್ತವೆ, ಧಕ್ಕೆಯಲ್ಲಿ 30 ಮಿಲಿಆಂಪಿಯರ್ ಸೋರಿಕೆಗೇ ಟ್ರಿಪ್ ಆಗುವ ರಕ್ಷಣಾ ಸ್ವಿಚ್ ಇರುತ್ತದೆ. ನೀರಿನ ಪಕ್ಕ ಆ ಸ್ವಿಚ್ ಜೀವ ಉಳಿಸುವ ಸಾಧನ. ರೇಡಿಯೊ ಸ್ವಚ್ಛವಾಗಲೆಂದು ಅದನ್ನು ಕಿತ್ತುಹಾಕುವುದು ಸಲ್ಲದು.

ಯುರೋಪಿನಲ್ಲಿ ವಿದ್ಯುತ್ಕಾಂತೀಯ ಹೊಂದಾಣಿಕೆಯ ನಿಯಮ 1996ರ ಜನವರಿ 1ರಿಂದ ಪೂರ್ಣವಾಗಿ ಕಡ್ಡಾಯವಾಯಿತು. ಆದರೆ ಗೃಹಬಳಕೆಯ ಮಾನಕಗಳು ನೋಡುವುದು ನೆರೆಮನೆಯ ರೇಡಿಯೊದ ಹಿತವನ್ನು. ದೋಣಿಯಲ್ಲಿ ನೆರೆಮನೆ ಎಂಬುದೇ ಇಲ್ಲ. ಹಡಗಿನ ಸಂಚಾರ ಮತ್ತು ರೇಡಿಯೊ ಉಪಕರಣಗಳ ಐಇಸಿ 60945 ಮಾನಕ ಅದಕ್ಕೇ ಹೆಚ್ಚು ಬಿಗಿ. ಅಪಾಯದ ಕರೆಯ 16ನೇ ಚಾನೆಲ್ (156.8 ಮೆಗಾಹರ್ಟ್ಸ್) ಮತ್ತು ಹಡಗುಗಳ ಗುರುತು ಸಾರುವ ಎಐಎಸ್ ಇರುವ 156ರಿಂದ 165 ಮೆಗಾಹರ್ಟ್ಸ್ ಪಟ್ಟಿಗೆ ಅದು ಪ್ರತ್ಯೇಕ ಮಿತಿಯನ್ನೇ ಹಾಕಿದೆ.

2018ರ ಆಗಸ್ಟಿನಲ್ಲಿ ಅಮೆರಿಕದ ಕೋಸ್ಟ್ ಗಾರ್ಡ್ ಎಲ್‌ಇಡಿ ದೀಪಗಳು ಇದೇ ಪಟ್ಟಿಯನ್ನು ಕೆಡಿಸುತ್ತಿವೆಯೆಂದು ಎಚ್ಚರಿಸಿ, ಯಾರು ಬೇಕಾದರೂ ಮಾಡಬಹುದಾದ ಪರೀಕ್ಷೆಯೊಂದನ್ನು ಹೇಳಿತು. ಅದು ಚಾರ್ಜರಿಗೂ ಸರಿಹೊಂದುತ್ತದೆ. ಚಾರ್ಜರ್ ಆರಿಸಿ, ವಿಎಚ್‌ಎಫ್ ರೇಡಿಯೊವನ್ನು ಖಾಲಿ ಚಾನೆಲ್‌ಗೆ ತಂದು, ಸ್ಕ್ವೆಲ್ಚ್ ಗುಂಡಿಯನ್ನು ಭೋರ್ಗರೆತ ಆಗಷ್ಟೇ ನಿಲ್ಲುವಲ್ಲಿಗೆ ತಿರುಗಿಸಬೇಕು. ಬಳಿಕ ಚಾರ್ಜರ್ ಹಾಕಿದಾಗ ಭೋರ್ಗರೆತ ಮರಳಿದರೆ ಕಳ್ಳ ಸಿಕ್ಕಂತೆ.

ಈಚಿನ ತಲೆನೋವು ಸೌರಫಲಕದ ಎಂಪಿಪಿಟಿ ನಿಯಂತ್ರಕ. ದಡದ ಚಾರ್ಜರಿನ ಗದ್ದಲ ಹಗ್ಗ ಬಿಚ್ಚಿದೊಡನೆ ನಿಲ್ಲುತ್ತಿತ್ತು. ಇದು ನಡುಗಡಲಲ್ಲೂ ಬಿಸಿಲಿರುವಷ್ಟು ಹೊತ್ತು ದುಡಿಯುತ್ತದೆ, ಫಲಕದ ತಂತಿಗಳು ಆಂಟೆನಾದ ಬುಡದಲ್ಲೇ ಹಾದುಹೋಗಿರುತ್ತವೆ. ಹಾಗಾಗಿ ಫೆರೈಟನ್ನು ಬ್ಯಾಟರಿ ಕಡೆಗೂ ಫಲಕದ ಕಡೆಗೂ ಹಾಕಬೇಕಾಗುತ್ತದೆ. ಶಾರ್ಟ್‌ವೇವ್ ಹವಾಮಾನ ವರದಿಯ ಹೊತ್ತಿಗೆ ಫಲಕವನ್ನೇ ಕಡಿದುಹಾಕಲು ಕೆಲವರು ಪ್ರತ್ಯೇಕ ಸ್ವಿಚ್ಚನ್ನೂ ಇಟ್ಟುಕೊಳ್ಳುತ್ತಾರೆ.